ಕಾಲುವೆ ಬರದ ಊರಿನ ಲೆಕ್ಕ

ಚಪ್ಪಲಿ ಹೊರಗೇ ಬಿಡಿ. ಬಾಗಿಲ ಬುಡದಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರು ಇಟ್ಟಿದ್ದಾರೆ. ಅದರಲ್ಲಿ ಕಾಲು ಅದ್ದಿ, ಪಕ್ಕದ ಬಕೆಟ್ಟಿನಲ್ಲಿ ಕೈ ತೊಳೆದು ಒಳಗೆ ಬನ್ನಿ. ಊಜಿ ನೊಣ ನುಗ್ಗದಂತೆ ಕಟ್ಟಿರುವ ಬಲೆಯ ಪರದೆಯನ್ನು ಎತ್ತಿದ ಕೂಡಲೇ ಇಳಿಬಿಡಬೇಕು. ಬೀಡಿ, ಸೊಳ್ಳೆಬತ್ತಿ, ಸೀಮೆಎಣ್ಣೆಯ ವಾಸನೆ ಹೊತ್ತವರಿಗೆ ಇಲ್ಲಿ ಜಾಗವಿಲ್ಲ. ಬೆಳಗಿನ ಜಾವ ನಾಲ್ಕು ಗಂಟೆ. ಕನಕಪುರ ತಾಲ್ಲೂಕಿನ ಸಾತನೂರು ಹೋಬಳಿಯ ಹಳ್ಳಿಯೊಂದರ ರೇಷ್ಮೆ ಹುಳುಮನೆ ಇದು. ಹೊರಗೆ ಕಬ್ಬಾಳಮ್ಮನ ಬೆಟ್ಟ ಇನ್ನೂ ಕತ್ತಲಲ್ಲಿದೆ.

ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಎದ್ದು ಮೂರು ದಿನವಾಯಿತು. ಎದ್ದ ಹುಳುವಿನ ಹಸಿವನ್ನು ಸಾಕಿದವರೇ ಬಲ್ಲರು. ಒಂದು ಬೆಳೆ ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗೂ ಹೆಚ್ಚು ಈ ಕೊನೆಯ ಆರೇಳು ದಿನಗಳಲ್ಲೇ ಮುಗಿಯುತ್ತದೆ. 100 ಮೊಟ್ಟೆ ಎಂದು ಇವರು ಹೇಳಿದರೆ 100 ಚಿಟ್ಟೆಗಳು ಇಟ್ಟ ತತ್ತಿ ಎಂದರ್ಥ, ಹುಳುವಿನ ಲೆಕ್ಕದಲ್ಲಿ 40,000ಕ್ಕೂ ಮೇಲೆ. ಅಷ್ಟೂ ಬಾಯಿಗಳು ಒಟ್ಟಿಗೆ ಸೊಪ್ಪು ಕತ್ತರಿಸುವ ಸದ್ದು ಈಗ ನಿಮ್ಮ ಕಿವಿ ತುಂಬಿದೆ. ಮಾತಾಡಬೇಕಾದರೆ ದನಿ ಎತ್ತಬೇಕು.

ಯಜಮಾನ ತೋಟದಿಂದ ಹಿಪ್ಪುನೇರಳೆ ಕಡ್ಡಿಯ ಹೊರೆ ತಂದು ಇಳಿಸುತ್ತಾನೆ. ಹೆಂಡತಿ ಅದನ್ನು ಹಾಸಿಗೆಯ ಉದ್ದಕ್ಕೂ ಹರಡುತ್ತಾಳೆ. ಅತ್ತೆ ಬ್ಯಾಟರಿ ಹಿಡಿದು ಒಂದೊಂದೇ ಅಂಕಣ ನೋಡುತ್ತಾ, ಮೈ ಹಳದಿಯಾಗಿ ಉಬ್ಬಿದ ಹುಳುಗಳನ್ನು ಹೆಕ್ಕಿ ಸುಣ್ಣದ ಡಬ್ಬಿಗೆ ಹಾಕುತ್ತಾಳೆ. ಹಾಲುರೋಗ ಒಂದು ಹುಳುವಿನಿಂದ ಇಡೀ ಮನೆಗೆ ಹಬ್ಬಲು ಬಹಳ ದಿನ ಬೇಡ. ಕನಕಪುರದ ಕಾಲೇಜಿಗೆ ಹೋಗುವ ಮಗಳು ಏಳು ಗಂಟೆಯ ಬಸ್ಸಿಗೆ ಮುಂಚೆ ಒಂದು ಸುತ್ತು ಸೊಪ್ಪು ಕೊಟ್ಟು ಮುಗಿಸಬೇಕು. ಇನ್ನಿಬ್ಬರು ಮೂಲೆಯಲ್ಲಿ ಕಡ್ಡಿ ಬಿಚ್ಚುತ್ತಿದ್ದಾರೆ, ಎದುರುಮನೆಯ ಗಂಡ ಹೆಂಡತಿ.

"ಇವರಿಗೆ ಕೂಲಿ ಎಷ್ಟಣ್ಣ?" ಎಂದು ಕೇಳಿ ನೋಡಿ.

"ಕೂಲಿಯೇನಿಲ್ಲ ಸಾರ್, ಮುಯ್ಯಾಳು. ಮುಂದಿನ ವಾರ ಅವರ ಹುಳ ಹಣ್ಣಾಯ್ತದೆ, ಆಗ ನಾವು ಹೋಯ್ತೀವಿ."

ನಿಮ್ಮ ಕೈಯಲ್ಲೊಂದು ನೋಟ್‌ಬುಕ್ ಇದೆ. ಎಡಕ್ಕೆ ಖರ್ಚು, ಬಲಕ್ಕೆ ಆದಾಯ. ಚಾಕಿ ಹುಳುವಿಗೆ, ಅಂದರೆ ಎಳೆಯ ಮರಿಹುಳುವಿಗೆ, ಕೊಟ್ಟ ದುಡ್ಡನ್ನು ಬರೆದಿರಿ. ಗೊಬ್ಬರ, ಸುಣ್ಣ, ಔಷಧಿಯನ್ನೂ ಬರೆದಿರಿ. ಅಲ್ಲಿಗೆ ಪೆನ್ನು ನಿಲ್ಲುತ್ತದೆ. ಮುಯ್ಯಾಳಿನ ಎರಡು ದಿನಕ್ಕೆ ಬೆಲೆ ಕಟ್ಟುವುದು ಹೇಗೆ? ಅತ್ತೆಯ ಕಣ್ಣಿನ ಅನುಭವ ಯಾವ ಸಾಲಿಗೆ ಸೇರಬೇಕು? ಗೂಡು ಕಟ್ಟಿಸಲು ಚಂದ್ರಿಕೆಗಳನ್ನು ಅಣ್ಣನ ಮನೆಯಿಂದ ತರುತ್ತಾರೆ. ಅದಕ್ಕೆ ಬಾಡಿಗೆ ಇಲ್ಲ, ಆದರೆ ಹೋದ ಬೇಸಿಗೆಯಲ್ಲಿ ಅಣ್ಣನ ತೋಟಕ್ಕೆ ಎರಡು ಗಾಡಿ ತಿಪ್ಪೆಗೊಬ್ಬರ ಹೋಗಿದೆ. ಮೊನ್ನೆ ರಾತ್ರಿ ಯಜಮಾನ ರಾಗಿ ಹೊಲದ ಅಟ್ಟಣೆಯ ಮೇಲೆ ಆನೆ ಕಾಯುತ್ತಾ ಕೂತಿದ್ದ. ಕಾವೇರಿ ವನ್ಯಧಾಮದ ಅಂಚಿನ ಈ ಸೀಮೆಯಲ್ಲಿ ರಾಗಿ ಮನೆಗೆ ಬರಬೇಕಾದರೆ ನಿದ್ದೆಗೆಟ್ಟ ರಾತ್ರಿಗಳೂ ಬಂಡವಾಳ. ಯಾವ ಬ್ಯಾಂಕಿನ ಅರ್ಜಿಯಲ್ಲೂ ಅದಕ್ಕೆ ಅಂಕಣವಿಲ್ಲ.

ಇಂಥ ನೋಟ್‌ಬುಕ್ಕನ್ನು ನಮ್ಮ ಸೀಮೆಯಲ್ಲಿ ಹಟ ಹಿಡಿದು ತುಂಬಿದ ಅರ್ಥಶಾಸ್ತ್ರಜ್ಞೆ ಒಬ್ಬರಿದ್ದರು. ಅವರನ್ನು ಕಾಣಲು ಬಹಳ ದೂರ ಹೋಗಬೇಕಿಲ್ಲ. ಸಾತನೂರಿನಿಂದ ಹಲಗೂರು, ಮಳವಳ್ಳಿಯ ದಾರಿ ಹಿಡಿದು ಮಂಡ್ಯಕ್ಕೆ ಬನ್ನಿ. ವರ್ಷ ಮಾತ್ರ 1954 ಆಗಿರಲಿ.

ಕಬ್ಬು ಹೇರಿದ ಎತ್ತಿನ ಗಾಡಿಗಳು ಸಾಲುಗಟ್ಟಿ ಮೈಸೂರು ಸಕ್ಕರೆ ಕಂಪನಿಯ ಗೇಟಿನತ್ತ ಸಾಗಿವೆ. ಕಾರ್ಖಾನೆ ಕಂಪನಿಯಾಗಿ ನೋಂದಣಿಯಾದದ್ದು 1933ರಲ್ಲಿ. ಅದಕ್ಕೂ ಮುಂಚೆ ಕನ್ನಂಬಾಡಿ ಕಟ್ಟೆ ಎದ್ದು, ಮೊದಲು ಇರ್ವಿನ್ ನಾಲೆ ಎಂದು ಕರೆಸಿಕೊಂಡು ಆಮೇಲೆ ವಿಶ್ವೇಶ್ವರಯ್ಯ ನಾಲೆಯಾದ ನೀರು ಈ ಬಯಲಿಗೆ ಹರಿದಿದೆ. ರಾಗಿ, ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಭತ್ತ, ಕಬ್ಬು. ಮಂಡ್ಯದ ಹತ್ತಿರದ ಒಂದು ಹಳ್ಳಿಯ ಜಗಲಿಯ ಮೇಲೆ, ಸುತ್ತ ನೆರೆದ ಮಕ್ಕಳ ನಡುವೆ, 32 ವರ್ಷದ ಬಿಳಿಯ ಹೆಣ್ಣುಮಗಳೊಬ್ಬಳು ಕೂತು ಪ್ರಶ್ನೆ ಕೇಳುತ್ತಿದ್ದಾಳೆ. ಜೊತೆಯಲ್ಲಿ ಸಹಾಯಕ ಸೂರ್ಯನಾರಾಯಣ. ಒಂದು ಎಕರೆ ಕಬ್ಬಿಗೆ ನೆಟ್ಟಾಗಿನಿಂದ ಕಡಿಯುವ ತನಕ ಎಷ್ಟು ಆಳು? ಗಂಡಾಳೆಷ್ಟು, ಹೆಣ್ಣಾಳೆಷ್ಟು? ಮನೆಯವರೆಷ್ಟು, ಹೊರಗಿನವರೆಷ್ಟು? ಉಪ್ಪಿಗೆ ಎಷ್ಟು, ಮದುವೆಗೆ ಎಷ್ಟು, ಸಾಲ ಯಾರಿಂದ, ಯಾವ ಬಡ್ಡಿಗೆ?

ಈಕೆ ಹುಟ್ಟಿದ್ದು 1922ರಲ್ಲಿ, ವಿಯೆನ್ನಾದ ಯಹೂದಿ ಮನೆಯಲ್ಲಿ. 1938ರಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾಕ್ಕೆ ಕಾಲಿಟ್ಟಾಗ ಹದಿಹರೆಯದ ಹುಡುಗಿ. ಯುಗೋಸ್ಲಾವಿಯಾ, ಅಲ್ಬೇನಿಯಾ ಹಾದು ಇಂಗ್ಲೆಂಡ್ ಸೇರಿದಳು. ಮ್ಯಾಂಚೆಸ್ಟರಿನ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ದುಡಿದು, ಆಮೇಲೆ ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿದಳು. ಮುಂದೆ ನೊಬೆಲ್ ಪಡೆಯಲಿದ್ದ ಆರ್ಥರ್ ಲೂಯಿಸ್ ಆಗ ಅಲ್ಲಿ ಪ್ರಾಧ್ಯಾಪಕರು. ಹಿಂದುಳಿದ ದೇಶಗಳ ಹಳ್ಳಿಗಳಲ್ಲಿ ಹೆಚ್ಚುವರಿ ದುಡಿಯುವ ಕೈಗಳು ಬೇಕಾದಷ್ಟಿವೆ, ಕಾರ್ಖಾನೆ ಬೆಳೆದಂತೆ ಅವು ಅಲ್ಲಿಗೆ ಹರಿಯುತ್ತವೆ ಎಂಬ ಅವರ ಹೆಸರಾಂತ ಲೇಖನ ಅಚ್ಚಾದದ್ದೂ ಇದೇ 1954ರಲ್ಲಿ. ಗುರುಗಳು ಮ್ಯಾಂಚೆಸ್ಟರಿನಲ್ಲಿ ಸಿದ್ಧಾಂತ ಅಚ್ಚು ಹಾಕಿಸುತ್ತಿದ್ದ ಹೊತ್ತಿಗೆ ಈಕೆ ಮಂಡ್ಯದ ಜಗಲಿಯಲ್ಲಿ ಆ ಕೈಗಳನ್ನೇ ಒಂದೊಂದಾಗಿ ಎಣಿಸುತ್ತಾ ಕೂತಿದ್ದಳು. ಮಾನವಶಾಸ್ತ್ರಜ್ಞ ಮ್ಯಾಕ್ಸ್ ಗ್ಲಕ್‌ಮನ್ ಅವಳ ಮಾರ್ಗದರ್ಶಕ. ಮುಂದೆ ಅದೇ ವಲಯದ ಬಿಲ್ ಎಪ್‌ಸ್ಟೀನ್ ಅವರನ್ನು ಮದುವೆಯಾಗಿ ಟಿ. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂದು ಹೆಸರಾದರು.

ಎಪ್‌ಸ್ಟೀನ್ ಆರಿಸಿಕೊಂಡದ್ದು ಎರಡು ಹಳ್ಳಿ. ಪುಸ್ತಕದಲ್ಲಿ ಅವಕ್ಕೆ ವಂಗಲ, ದಲೇನ ಎಂದು ಮರೆಹೆಸರು ಕೊಟ್ಟಿದ್ದಾರೆ. ವಂಗಲಕ್ಕೆ ನಾಲೆಯ ನೀರು ಬಂತು. ದಲೇನ ಎತ್ತರದ ಮೇಲಿತ್ತು, ಸುತ್ತಲ ಊರುಗಳೆಲ್ಲ ಹಸಿರಾದರೂ ಅದು ಒಣಗೇ ಉಳಿಯಿತು.

ಮೊದಲು ವಂಗಲದ ಕಣಕ್ಕೆ ಬನ್ನಿ. ಸುಗ್ಗಿ ಮುಗಿದಿದೆ, ರಾಶಿ ಬಿದ್ದಿದೆ. ರಾಶಿಯ ಸುತ್ತ ಯಾರ‍್ಯಾರು ನಿಂತಿದ್ದಾರೆ ನೋಡಿ. ಅಗಸ, ಕ್ಷೌರಿಕ, ಕಮ್ಮಾರ ತಮ್ಮ ತಮ್ಮ ಅಡದೆಗೆ, ಅಂದರೆ ವರ್ಷದ ಧಾನ್ಯದ ಪಾಲಿಗೆ, ಬಂದಿದ್ದಾರೆ. ತಲೆಮಾರುಗಳಿಂದ ಒಕ್ಕಲಿಗರ ಮನೆಗಳಿಗೆ ಸೇರಿಕೊಂಡಿರುವ ಆದಿಕರ್ನಾಟಕ ಕುಟುಂಬದವರೂ ಇದ್ದಾರೆ. ಊರವರ ಬಾಯಲ್ಲಿ ಅವರು ಹಳೇಮಕ್ಕಳು. ಬೆಳೆ ಹೆಚ್ಚು ಬರಲಿ ಕಡಿಮೆ ಬರಲಿ, ಅವರಿಗೆ ಸಲ್ಲುವ ಧಾನ್ಯದ ಅಳತೆ ಬದಲಾಗುವುದಿಲ್ಲ. ದಿನಗೂಲಿಯ ಲೆಕ್ಕವಲ್ಲ ಇದು, ಎಷ್ಟು ದುಡಿದರು ಎಂಬುದಕ್ಕೂ ಎಷ್ಟು ಸಿಕ್ಕಿತು ಎಂಬುದಕ್ಕೂ ನೇರ ಸಂಬಂಧ ಕಾಣುವುದಿಲ್ಲ. ಪಠ್ಯಪುಸ್ತಕದ ಅರ್ಥಶಾಸ್ತ್ರ ಓದಿ ಬಂದವರಿಗೆ ಇದು ಅವಿವೇಕವಾಗಿ ಕಾಣಬೇಕು. ಎಪ್‌ಸ್ಟೀನ್ ಇದರೊಳಗೆ ಇಳಿದು ಲೆಕ್ಕ ಹಾಕಿದರು.

ಅವರ ವಾದವನ್ನು ನನ್ನದೇ ಅಂಕಿಗಳಲ್ಲಿ ಹೇಳುತ್ತೇನೆ. ಊರಲ್ಲಿ 10 ಮನೆ, ಹೊಲವಿರುವವು 6, ಇಲ್ಲದವು 4. ಬರದ ವರ್ಷ ಇಡೀ ಊರಿಗೆ ಆದದ್ದು 100 ಪಲ್ಲ ರಾಗಿ. ಆಳಿನ ಮನೆಗೆ ವರ್ಷಕ್ಕೆ 10 ಪಲ್ಲ ಎಂದು ಕಟ್ಟುಪಾಡು ಇದ್ದರೆ 40 ಪಲ್ಲ ಅಲ್ಲಿಗೆ ಹೋಯಿತು. ಉಳಿದ 60ರಲ್ಲಿ ಹೊಲದವರಿಗೂ ಮನೆಗೆ 10. ಎಲ್ಲರೂ ಅರೆಹೊಟ್ಟೆ, ಆದರೆ ಯಾರೂ ಸಾಯಲಿಲ್ಲ. ಮಳೆ ಚೆನ್ನಾದ ವರ್ಷ 160 ಪಲ್ಲ ಬಂತೆನ್ನಿ. ಆಳಿನ ಮನೆಗೆ ಅದೇ 10, ಹೊಲದವರಿಗೆ 20. ಕೆಟ್ಟ ಕಾಲದಲ್ಲಿ ಪಾಲು ಸಮ, ಒಳ್ಳೆಯ ಕಾಲದಲ್ಲಿ ಲಾಭವೆಲ್ಲ ಒಂದೇ ಕಡೆ. ವಿಮಾ ಕಂಪನಿಯ ಹೆಸರೇ ಕೇಳದ ಊರು ತನ್ನದೇ ವಿಮೆ ಕಟ್ಟಿಕೊಂಡಿತ್ತು, ಅದರ ಕಂತನ್ನು ಬಡವರು ಒಳ್ಳೆಯ ವರ್ಷಗಳಲ್ಲಿ ತುಂಬುತ್ತಿದ್ದರು. ಈ ವಾದವನ್ನು ಅವರು 1967ರ ಒಂದು ಪ್ರಬಂಧದಲ್ಲಿ ವಿಸ್ತಾರವಾಗಿ ಬೆಳೆಸಿದ್ದಾರೆ. ಕಾಗದವಿಲ್ಲದ, ಕರಾರಿಲ್ಲದ ವ್ಯವಹಾರಕ್ಕೆ ನಿಯಮವೇ ಇಲ್ಲ ಎಂದುಕೊಂಡವರು ಇದನ್ನು ಓದಬೇಕು. ನಿಯಮ ಇತ್ತು, ಬಹಳ ಬಿಗಿಯಾಗಿ ಇತ್ತು.

ಅದರ ಬಿಗಿ ಎಷ್ಟೆಂದು ತಿಳಿಯಲು ಇನ್ನೊಂದು ರಾತ್ರಿ ಅದೇ ಊರಲ್ಲಿ ನಿಲ್ಲಿ. ಕೇರಿಯ ಹುಡುಗರು ನಾಟಕ ಆಡುತ್ತಿದ್ದಾರೆ. ಆದಿಕರ್ನಾಟಕ ಯುವಕ ರಾಜನ ವೇಷದಲ್ಲಿ ಸಿಂಹಾಸನದ ಮೇಲೆ ಕೂತಿದ್ದಾನೆ, ಊರ ಮುಖಂಡರು ಕೆಳಗೆ ಕೂತು ನೋಡುತ್ತಿದ್ದಾರೆ. ನಾಟಕದ ಮರುದಿನ ಜಗಳ ಎದ್ದಿತು. ಅವರು ಎತ್ತರದಲ್ಲಿ, ನಾವು ತಗ್ಗಿನಲ್ಲಿ ಹೇಗೆ ಕೂರುವುದು ಎಂಬುದೇ ತಕರಾರು. ಒಕ್ಕಲಿಗರು ಇಡೀ ಕೇರಿಗೆ ಕೆಲಸ ಕೊಡುವುದನ್ನು ನಿಲ್ಲಿಸಿದರು. ಬರಗಾಲದಲ್ಲಿ ಅನ್ನ ಕೊಡುವ ಸಂಬಂಧವೇ ತಲೆ ಎತ್ತಿದ ದಿನ ಅನ್ನ ಕಿತ್ತುಕೊಳ್ಳುವ ಸಂಬಂಧವೂ ಆಗಿತ್ತು. ಎಪ್‌ಸ್ಟೀನ್ ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದರು. ಅವರನ್ನು ನಾನು ಗೌರವಿಸುವುದು ಇದಕ್ಕಾಗಿ. ಹಳ್ಳಿಯ ಪರಸ್ಪರ ಆಸರೆಯನ್ನು ಹೊಗಳುವವರು ನಾಟಕದ ರಾತ್ರಿಯನ್ನು ಮರೆಯುತ್ತಾರೆ. ಜಾತಿಯ ಕ್ರೌರ್ಯ ಬರೆಯುವವರು ಬಹಳ ಸಲ ಕಣದ ಲೆಕ್ಕ ಹಾಕುವುದಿಲ್ಲ.

ಈಗ ದಲೇನ. ಊರ ಕೆಳಗೆ ನಾಲೆ ಹರಿಯುತ್ತಿದೆ, ಹೊಲಕ್ಕೆ ಮಾತ್ರ ಏರುವುದಿಲ್ಲ. ಇಲ್ಲಿಯ ಗಂಡಸರನ್ನು ಹಗಲು ಹೊತ್ತು ಊರಲ್ಲಿ ಹುಡುಕಬೇಡಿ. ಒಬ್ಬ ಗಾಡಿ ಕಟ್ಟಿಕೊಂಡು ಅಕ್ಕಪಕ್ಕದ ಊರುಗಳ ಕಬ್ಬನ್ನು ಕಾರ್ಖಾನೆಗೆ ಸಾಗಿಸುತ್ತಾನೆ. ಒಬ್ಬ ದನದ ವ್ಯಾಪಾರಕ್ಕೆ ಇಳಿದಿದ್ದಾನೆ. ಇನ್ನೊಬ್ಬ ಹಿಟ್ಟಿನ ಗಿರಣಿ ಇಟ್ಟಿದ್ದಾನೆ, ಮತ್ತೊಬ್ಬ ಆಲೆ ಹಾಕಿದ್ದಾನೆ. ಕೆಲವರು ಮಂಡ್ಯದಲ್ಲಿ ನೌಕರಿಗೆ ಸೇರಿದ್ದಾರೆ. ಕೈಗೆ ಕಾಸು ಬಂದವರು ಪಕ್ಕದ ಊರಲ್ಲಿ ನೀರಾವರಿ ಜಮೀನು ಕೊಂಡಿದ್ದಾರೆ. ನೀರು ಬಂದ ವಂಗಲದಲ್ಲಿ ಬೆಳೆ ಬದಲಾಯಿತು, ಸಮಾಜ ಹಳೆಯ ಅಚ್ಚಿನಲ್ಲೇ ಉಳಿಯಿತು, ಏಕೆಂದರೆ ಗದ್ದೆಗೆ ಆಳು ಬೇಕಿತ್ತು, ಹಳೇಮಕ್ಕಳ ನಂಟು ಬಿಡುವ ಹಾಗಿರಲಿಲ್ಲ. ನೀರು ಬಾರದ ದಲೇನದಲ್ಲಿ ಆ ನಂಟು ಸಡಿಲಿ ಹೋಯಿತು. ಊರು ಹೊರಗೆ ನಡೆದು ಬದುಕು ಕಟ್ಟಿತು. 1962ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಬಂದ ಅವರ ಪುಸ್ತಕದ ತಿರುಳು ಇದು. ಕೀತ್ ಹಾರ್ಟ್ ಘಾನಾದ ಆಕ್ರಾ ನಗರದ ವಲಸಿಗರನ್ನು ಕುರಿತು ಬರೆದ ಲೇಖನದಿಂದ ಅನೌಪಚಾರಿಕ ಆದಾಯದ ಚರ್ಚೆ ಹಬ್ಬಿದ್ದು 1973ರಲ್ಲಿ. ಅಷ್ಟರಲ್ಲಿ ದಲೇನದ ಗಾಡಿ, ಗಿರಣಿ, ದನದ ವ್ಯಾಪಾರವೆಲ್ಲ ಅಚ್ಚಾಗಿ ಹತ್ತು ವರ್ಷ ಕಳೆದಿತ್ತು.

ಸಾತನೂರಿಗೆ ಮರಳೋಣ. ಈಗ ನೋಡಿದರೆ ಇದು ನಿಮಗೆ ದಲೇನದ ದೊಡ್ಡಣ್ಣನಾಗಿ ಕಾಣಬೇಕು. ತಾಲ್ಲೂಕಿನ ದಕ್ಷಿಣದ ಅಂಚಿನಲ್ಲೇ ಅರ್ಕಾವತಿ ಕಾವೇರಿಗೆ ಸೇರುವ ಸಂಗಮ, ಅದರಾಚೆ ಮೇಕೆದಾಟು. ನದಿ ಕಲ್ಲಿನ ಕಣಿವೆಯಲ್ಲಿ ಕೆಳಗೆ ಹರಿದುಹೋಗುತ್ತದೆ. ಮೇಲಿನ ಹೊಲಗಳಿಗೆ ಮಳೆ ಮತ್ತು ಕೊಳವೆಬಾವಿಯೇ ಗತಿ. ಆದ್ದರಿಂದ ಈ ಊರುಗಳೂ ಹೊರಗೆ ನಡೆದವು. ಬೆಂಗಳೂರು–ಕೊಯಮತ್ತೂರು ಹೆದ್ದಾರಿಯ ಸರ್ಕಲ್‌ನಲ್ಲಿ ಬೆಳಗ್ಗೆ ಆರೂವರೆಗೆ ನಿಂತು ನೋಡಿ. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ಊಟದ ಡಬ್ಬಿ ಹಿಡಿದು ವ್ಯಾನಿಗೆ ಕಾಯುತ್ತಿದ್ದಾರೆ. ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಕ್ಕೆ ಹೋಗುವ ಹುಡುಗರು ಬೈಕಿನಲ್ಲಿ ಇಬ್ಬಿಬ್ಬರು. ಬಂಡೆ ಕೆಲಸದವರು ಟ್ರ್ಯಾಕ್ಟರಿನ ಹಿಂದೆ. ಡೇರಿಯ ಮುಂದೆ ಕ್ಯಾನುಗಳ ಸಾಲು, ಫ್ಯಾಟು ನೋಡುವವನ ಸುತ್ತ ಹೆಂಗಸರು. ಹಾಲಿನ ಬಟವಾಡೆ ತಪ್ಪದೆ ಬರುವುದರಿಂದ ಅಂಗಡಿಯವರು ಅದರ ಮೇಲೆಯೇ ಸಾಮಾನು ಕಡ ಕೊಡುತ್ತಾರೆ. ನಾನು ನಂಬುವಂತೆ ಈ ಸೀಮೆಯ ಹೆಂಗಸರ ನಿಜವಾದ ಬ್ಯಾಂಕು ಆ ಡೇರಿಯ ಪುಸ್ತಕ.

ಕೆಲವು ದಿನ ಕಳೆದು ಆ ಹುಳುಮನೆಯ ಹುಳು ಗೂಡು ಕಟ್ಟಿತು, ಗೂಡಿನ ಚೀಲಗಳು ಗೂಡ್ಸ್ ಆಟೋ ಏರಿದವು. ಕನಕಪುರದ ಮಾರುಕಟ್ಟೆಗೂ ಹೋಗಬಹುದು, ಇವತ್ತು ರಾಮನಗರಕ್ಕೆ. ಏಷ್ಯಾದಲ್ಲೇ ಅತಿ ದೊಡ್ಡ ಗೂಡಿನ ಮಾರುಕಟ್ಟೆ ಎಂದು ಅದಕ್ಕೆ ಹೆಸರು. ಒಳಗೆ ಕಾಲಿಟ್ಟರೆ ಬಿಳಿ, ತಿಳಿಹಳದಿ ರಾಶಿಗಳು ಕಣ್ಣು ಹರಿಯುವ ತನಕ. ಲಾಟಿಗೊಂದು ನಂಬರು ಬಿತ್ತು. ರೀಲರ್ ಒಬ್ಬ ಬಂದು ರಾಶಿಗೆ ಮೊಣಕೈ ತನಕ ಕೈ ಹಾಕಿ, ತಳದಿಂದ ಹಿಡಿ ತೆಗೆದು, ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಒಳಗಿನ ಕೋಶ ಖಣಖಣ ಅಂದರೆ ಗೂಡು ಬಲಿತಿದೆ. ಇನ್ನೊಂದನ್ನು ಬೆರಳಲ್ಲಿ ಒತ್ತಿ ಬಿಗಿ ನೋಡುತ್ತಾನೆ. ಒಂದು ಕಿಲೋ ನೂಲಿಗೆ ಈ ಗೂಡು ಏಳು ಕಿಲೋ ಬೇಕಾದೀತೋ ಎಂಟೋ ಎಂದು ಅಷ್ಟರಲ್ಲೇ ಅವನ ಮನಸ್ಸು ಲೆಕ್ಕ ಮುಗಿಸಿದೆ. ಯಂತ್ರ ಇದನ್ನು ಅವನಷ್ಟು ಬೇಗ ಹೇಳಲಾರದು. ರೈತ ಪಕ್ಕದಲ್ಲಿ ಸುಮ್ಮನೆ ನಿಂತಿದ್ದಾನೆ. ತಿಂಗಳ ದುಡಿಮೆಯ ಬೆಲೆ ಇನ್ನೊಬ್ಬನ ಕಿವಿಯಲ್ಲಿ ತೀರ್ಮಾನವಾಗುತ್ತಿದೆ.

1959ರ ಕಾಯ್ದೆಯ ಪ್ರಕಾರ ಗೂಡಿನ ಮಾರಾಟ ಇಂಥ ಸರ್ಕಾರಿ ಮಾರುಕಟ್ಟೆಯಲ್ಲೇ ನಡೆಯಬೇಕು. ಹರಾಜು ಈಗ ಕಂಪ್ಯೂಟರಿನಲ್ಲಿ, ತೂಕ ಎಲೆಕ್ಟ್ರಾನಿಕ್, ಹಣ ಬ್ಯಾಂಕ್ ಖಾತೆಗೆ. ರೈತನಿಗೆ ಇದು ದೊಡ್ಡ ರಕ್ಷಣೆ, ಇದರ ಬೆಲೆಯನ್ನು ಕಡಿಮೆ ಮಾಡಿ ಹೇಳಬಾರದು. ಆದರೆ ಗಡಿಯಾರ ನೋಡಿ. ಚಾಕಿಯಿಂದ ನೂಲಿನ ತನಕ ಗೂಡಿನ ಪಯಣದಲ್ಲಿ ಸರ್ಕಾರದ ಕಣ್ಣಿಗೆ ಬೀಳುವುದು ಈ ಕೆಲವು ಗಂಟೆಗಳು ಮಾತ್ರ. ಇದರ ಹಿಂದೆ ಹುಳುಮನೆಯ ಮುಯ್ಯಾಳು, ಅತ್ತೆಯ ಕಣ್ಣು, ಮಗಳ ಬೆಳಗಿನ ಜಾವ. ಇದರ ಮುಂದೆ ರೀಲಿಂಗ್ ಮನೆ.

ಆ ಮನೆಗೂ ಬನ್ನಿ, ತಪ್ಪಿಸಿಕೊಳ್ಳಬೇಡಿ. ಬೆಂದ ಕೋಶದ ವಾಸನೆ ಬೀದಿಯಲ್ಲೇ ಮೂಗಿಗೆ ಹೊಡೆಯುತ್ತದೆ. ಒಳಗೆ ಹಬೆ. ಬೇಸಿನ್ನುಗಳ ಬಿಸಿನೀರಿನಲ್ಲಿ ಗೂಡುಗಳು ಕುಣಿಯುತ್ತಿವೆ, ಹೆಂಗಸರು ಬರಿಗೈಯಲ್ಲಿ ಎಳೆ ಹುಡುಕಿ ಮೇಲಿನ ರಾಟೆಗೆ ಕೊಡುತ್ತಿದ್ದಾರೆ. ಬೆರಳುಗಳ ತುದಿ ಬೆಳ್ಳಗೆ ಸುಲಿದಿದೆ. ಇಲ್ಲಿ ನೀವು ಕೇಳಬೇಕಾದ ಪ್ರಶ್ನೆ ಕೂಲಿ ಎಷ್ಟು ಎಂಬುದರ ಜೊತೆಗೆ ಮುಂಗಡ ಎಷ್ಟು ಎಂಬುದು. ಮದುವೆಗೋ ಆಸ್ಪತ್ರೆಗೋ ಮುಂಗಡ ಪಡೆದವರು ಅದು ತೀರುವ ತನಕ ಬೇರೆ ಮನೆಗೆ ಕೆಲಸಕ್ಕೆ ಹೋಗುವ ಹಾಗಿಲ್ಲ. ಜೀತ ನಿಷೇಧದ ಕಾಯ್ದೆ ಬಂದದ್ದು 1976ರಲ್ಲಿ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದ ಬಾಲಜೀತದ ಮೇಲೆ ವರದಿ ತಂದಾಗ ರಾಮನಗರ, ಮಾಗಡಿಯ ರೀಲಿಂಗ್, ಹುರಿ ಮನೆಗಳ ಮಕ್ಕಳ ಕತೆಗಳು ಅದರಲ್ಲಿದ್ದವು. ಮುಂಗಡದ ಬೇಲಿ ಕಾಗದದ ಮೇಲೆ ಎಲ್ಲೂ ಇರುವುದಿಲ್ಲ, ಆದ್ದರಿಂದಲೇ ಅದನ್ನು ದಾಟಿಸುವುದು ಕಾಯ್ದೆಗೆ ಅಷ್ಟು ಕಷ್ಟ. ತಮಿಳುನಾಡಿನ ಆರಣಿ ಪಟ್ಟಣವನ್ನು 1970ರ ದಶಕದಿಂದ ಹಿಂಬಾಲಿಸುತ್ತಾ ಬಂದ ಬಾರ್ಬರಾ ಹ್ಯಾರಿಸ್-ವೈಟ್ ಹೇಳಿದ್ದೂ ಇದನ್ನೇ. ಸರ್ಕಾರ ಕೈ ಹಾಕದ ಕಡೆ ಮಾರುಕಟ್ಟೆಯನ್ನು ಜಾತಿ, ಲಿಂಗ, ಧರ್ಮ ಆಳುತ್ತವೆ.

ದೇಶದ ಲೆಕ್ಕ ಬೇಕೆಂದರೆ ಅರ್ಜುನ್ ಸೇನ್‌ಗುಪ್ತಾ ಆಯೋಗದ 2007ರ ವರದಿ ತೆರೆಯಿರಿ. 2004–05ರಲ್ಲಿ ದುಡಿಯುತ್ತಿದ್ದ ಸುಮಾರು 45.8 ಕೋಟಿ ಜನರಲ್ಲಿ 39.5 ಕೋಟಿ ಅಸಂಘಟಿತ ವಲಯದವರು, ನೂರಕ್ಕೆ 86. ವರದಿಯ ಬೆನ್ನಿಗೆ 2008ರಲ್ಲಿ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯ್ದೆ ಬಂತು, 2021ರಲ್ಲಿ ಇ-ಶ್ರಮ್ ನೋಂದಣಿ ಬಂತು. ಹುಳುಮನೆಯ ಆ ಮಗಳು ಮೊಬೈಲಿನಲ್ಲಿ ತಾಯಿಯ ಹೆಸರು ತುಂಬುತ್ತಾಳೆ. ಮುಖ್ಯ ಉದ್ಯೋಗ ಯಾವುದು? ತಾಯಿ ಬೆಳಗ್ಗೆ ಹುಳು ಮೇಯಿಸುತ್ತಾಳೆ, ಹಾಲು ಕರೆದು ಡೇರಿಗೆ ಹಾಕುತ್ತಾಳೆ, ರಾಗಿ ಕೊಯ್ಲಿನಲ್ಲಿ ಕೂಲಿಗೆ ಹೋಗುತ್ತಾಳೆ, ಕಬ್ಬಾಳಮ್ಮನ ಜಾತ್ರೆಯಲ್ಲಿ ಅಕ್ಕನ ಜೊತೆ ಹೂವಿನ ಅಂಗಡಿಯಲ್ಲಿ ಕೂರುತ್ತಾಳೆ. ಮಗಳು ಪಟ್ಟಿಯನ್ನು ಮೇಲಕ್ಕೂ ಕೆಳಕ್ಕೂ ಸರಿಸಿ, ಕೊನೆಗೆ ಕೃಷಿ ಕಾರ್ಮಿಕ ಎಂಬುದನ್ನು ಒತ್ತುತ್ತಾಳೆ.

ಎಪ್‌ಸ್ಟೀನ್ 1970ರಲ್ಲಿ ವಂಗಲ, ದಲೇನಕ್ಕೆ ಮರಳಿ ಬಂದರು. ನಡುವೆ ಪಪುವಾ ನ್ಯೂಗಿನಿಯ ತೊಲಾಯ್ ಜನರ ನಡುವೆ ಇದ್ದು, ಕೋಕೋ ಬೆಳೆದು ಲಾರಿ ಕೊಳ್ಳುವವರೂ ಮದುವೆ, ಸಾವಿಗೆ ಚಿಪ್ಪಿನ ಹಣವನ್ನೇ ಕೂಡಿಡುವುದನ್ನು ಬರೆದಿದ್ದರು. ಮಂಡ್ಯದಲ್ಲಿ ಈ ಸಲ ಅವರ ಕಣ್ಣಿಗೆ ಬಿದ್ದದ್ದು ಹೊಸ ಬಗೆಯ ಸಂಸಾರ. ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡಿದ್ದಾರೆ, ಆದರೆ ದುಡಿಮೆ, ಬಂಡವಾಳ ಕೂಡಿಯೇ ಇದೆ. ಒಬ್ಬ ಹೊಲದಲ್ಲಿ, ಒಬ್ಬ ಪೇಟೆಯಲ್ಲಿ, ಬಂದದ್ದು ಹಂಚಿಕೆ. ಪಾಲುಸಂಸಾರ ಎನ್ನಬಹುದಾದ ಈ ಏರ್ಪಾಟನ್ನು ಅವರು 1973ರ ಪುಸ್ತಕದಲ್ಲಿ ವಿವರಿಸಿದರು. ಕಾನೂನಿನ ಕಣ್ಣಿಗೆ ಅವು ಎರಡು ಮನೆ, ದುಡಿಮೆಯ ಲೆಕ್ಕದಲ್ಲಿ ಒಂದೇ. ಸಾತನೂರಿನ ಆ ಚಂದ್ರಿಕೆ ಕೊಟ್ಟ ಅಣ್ಣನನ್ನು ನೆನೆಯಿರಿ. ಬೆಂಗಳೂರಿನಲ್ಲಿ ಆಟೋ ಓಡಿಸುವ ಮೂರನೆಯ ತಮ್ಮನೂ ಇದ್ದಾನೆ. ಕೊಳವೆಬಾವಿಯ ಮೋಟಾರು ಸುಟ್ಟ ದಿನ ಹಣ ಅವನಿಂದ ಬರುತ್ತದೆ, ರಾಗಿ, ಹುರುಳಿ ಇಲ್ಲಿಂದ ಅವನ ಬಾಡಿಗೆ ಮನೆಗೆ ಹೋಗುತ್ತದೆ. ಸಮೀಕ್ಷೆಗೆ ಬಂದವರು ಮೂರು ಕುಟುಂಬ ಎಂದು ಬರೆದುಕೊಂಡರೆ ಮೂರನ್ನೂ ತಪ್ಪಾಗಿ ಬರೆದಂತೆ.

ಒಂದೇ ಊರಿಗೆ ಜೀವಮಾನವಿಡೀ ಮರಳಿ ಬರುವ ಅರ್ಥಶಾಸ್ತ್ರಜ್ಞರು ಕಡಿಮೆ. ಮೊದಲ ದಿನಗಳ ಸಹಾಯಕ ಎ.ಪಿ. ಸೂರ್ಯನಾರಾಯಣ ಮತ್ತು ಐಎಎಸ್ ಅಧಿಕಾರಿಯಾಗಿದ್ದ ಟಿ. ತಿಮ್ಮೇಗೌಡ ಅವರ ಜೊತೆ ಸೇರಿ ಎಪ್‌ಸ್ಟೀನ್ ಆ ಎರಡು ಹಳ್ಳಿಗಳ ನಲವತ್ತು ವರ್ಷಗಳ ಬದಲಾವಣೆಯ ಮೇಲೆ ತಂದ ಪುಸ್ತಕ 1998ರದು. 2014ರಲ್ಲಿ ಅವರು ತೀರಿಕೊಂಡರು. ಅವರ ನಂತರ ಆ ನೋಟ್‌ಬುಕ್ಕನ್ನು ನಮ್ಮ ಕಾಲೇಜುಗಳ ಹುಡುಗ ಹುಡುಗಿಯರೇ ತುಂಬಬೇಕು. ಕನಕಪುರದ ಬಸ್ಸು ಹತ್ತಿ ಅರ್ಥಶಾಸ್ತ್ರ ಓದಲು ಹೋಗುವ ಆ ಮಗಳಿಗೆ ಆಡಮ್ ಸ್ಮಿತ್‌ನ ಗುಂಡುಸೂಜಿ ಕಾರ್ಖಾನೆ ಗೊತ್ತು. ಅವಳ ಅಜ್ಜಿ ಹುಳು ಹೆಕ್ಕುವುದು ಶ್ರಮವಿಭಜನೆಯೇ ಎಂದು ಯಾರಾದರೂ ಅವಳಿಗೆ ಹೇಳಬೇಕು, ಅವಳ ಪ್ರಾಜೆಕ್ಟ್ ವರದಿ ಆ ಹುಳುಮನೆಯ ಮೇಲೆಯೇ ಆಗಬೇಕು. ಇದು ನನ್ನ ಗಟ್ಟಿಯಾದ ಆಸೆ.

ಸಂಜೆ ಏಳಾಯಿತು. ಸಾತನೂರಿನ ಗೊಬ್ಬರದಂಗಡಿಯ ಹಿಂದಿನ ಕೋಣೆಗೆ ಬನ್ನಿ, ಚೀಟಿ ಕೂಗುವ ದಿನ. 20 ಜನ, ತಿಂಗಳಿಗೆ 5,000, ಒಟ್ಟು 1 ಲಕ್ಷ. 1982ರ ಚಿಟ್ ಫಂಡ್ ಕಾಯ್ದೆ ಕೇಳುವ ನೋಂದಣಿ ಇದಕ್ಕಿಲ್ಲ, ಇರುವುದು ಚೀಟಿ ನಡೆಸುವವನ ಒಂದು ಉದ್ದನೆಯ ಪುಸ್ತಕ. ಕೂಗು 10,000ದಿಂದ ಶುರುವಾಗಿ ಏರುತ್ತದೆ. ಕೊಳವೆಬಾವಿ ಕೊರೆಸಲೇಬೇಕಾದವನು 22,000ಕ್ಕೆ ನಿಲ್ಲಿಸುತ್ತಾನೆ. ಅವನಿಗೆ ಸಿಗುವುದು 78,000. ಬಿಟ್ಟ 22,000 ಇಪ್ಪತ್ತು ಜನಕ್ಕೆ ಹಂಚಿಹೋಗಿ ಈ ತಿಂಗಳು ತಲೆಗೆ ಕಟ್ಟಬೇಕಾದದ್ದು 3,900 ಮಾತ್ರ. ತುರ್ತಿದ್ದವನು ತನ್ನ ತುರ್ತಿಗೆ ಬೆಲೆ ಕೊಟ್ಟ, ಕಾಯುವವರು ಕಾದದ್ದಕ್ಕೆ ಪ್ರತಿಫಲ ಪಡೆದರು. ಕಾಲು ಗಂಟೆಯಲ್ಲಿ ಸಾಲ, ಉಳಿತಾಯ, ಬಡ್ಡಿ ಮೂರೂ ತೀರ್ಮಾನವಾಯಿತು. ಎತ್ತಿದವನು ಕಂತು ತಪ್ಪಿಸಿದರೆ ಜಾಮೀನು ನಿಂತವನು ಕಟ್ಟಬೇಕು. ಇಬ್ಬರೂ ಒಂದೇ ಕೇರಿಯವರು, ಮುಖ ಮುಚ್ಚಿಕೊಂಡು ಓಡಾಡಲು ಆಗುವುದಿಲ್ಲ.

ಬಾಗಿಲಲ್ಲಿ ಒಬ್ಬಾಕೆ ಬಂದು ನಿಂತಿದ್ದಾಳೆ. ಹಿಪ್ಪುನೇರಳೆ ತೋಟಗಳಿಗೆ ಸೊಪ್ಪು ಕೊಯ್ಯುವ ಕೂಲಿಗೆ ಬರುವವಳು, ಊರಿಗೆ ಬಂದು ಎರಡು ವರ್ಷವಾಗಿದೆ.

"ಅಣ್ಣ, ಹೊಸಾ ಚೀಟಿ ಕಟ್ದಾಗ ನನಗೂ ಅರ್ಧ ಚೀಟಿ ಹಾಕ್ಕಳಿ. ಇನ್ನರ್ಧ ನಮ್ ಜೊತೆಗೆ ಸೊಪ್ಪಿಗೆ ಬರೋ ಅಕ್ಕ ಹಾಕ್ತಾಳೆ."

ಪುಸ್ತಕದಿಂದ ತಲೆ ಎತ್ತಿ ಅವನು ಕೇಳುತ್ತಾನೆ: "ಹಾಕ್ಕತೀನಿ ಕಣವ್ವ. ಜಾಮೀನು ಯಾರು ನಿಂತ್ಕತಾರೆ?"